ಬೆಂಕಿ ಕಾಣದ ನೀರು

ಮಾಳಿಗೆಯ ಮೇಲಿನ ಟಾಕಿಗೆ ನೀರು ಗುಳುಗುಳು ಇಳಿಯುತ್ತಿತ್ತು. ಶಲವಡಿ ಊರಿನ ಬಾಣಂತಿಯರಿಗೆಲ್ಲ ನೀರು ಕಾಸಿ ಎರೆಯುತ್ತ, ಒಲೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡಿದ್ದ ಗೌರಕ್ಕ ತನ್ನ ಮನೆಗೆ ಬಿಸಿಲಿನಲ್ಲೇ ನೀರು ಕಾಯಿಸುವ ಸೋಲಾರ್ ಹಾಕಿಸಿದ್ದಳು. ಬೋರ್‌ವೆಲ್ಲಿನ ಸವಳು ನೀರನ್ನು ಬಾಟಲಿಯಲ್ಲಿ ಅಂಗಡಿಗೇ ಒಯ್ದು, ಆ ಉಪ್ಪಿಗೆ ಕೆಡದೆ ತಾಳುವಂಥ ಸೋಲಾರನ್ನೇ ಕೇಳಿ ಆರಿಸಿದ್ದಳು. ಈಗ ಹಡೆದು ಬಂದ ಸ್ವಂತ ಮಗಳಿಗೆ ಎರೆಯಲು ಹೊರಟರೆ ಬೀಗತಿ ನೀಲವ್ವ ಅಡ್ಡ ನಿಂತಳು.

"ಬೆಂಕಿ ಕಾಣದ ನೀರು ನಮ್ಮ ಸೊಸಿಗೆ ಬ್ಯಾಡ್ರಿ. ಹಂಡೇದಾಗ ಕಾಸ್ರಿ, ಇಲ್ಲಾಂದ್ರ ನಮ್ಮೂರು ಕುಬಿಹಾಳಕ್ಕ ಕರಕೊಂಡು ಹೋಗತೀನಿ."

ಗೌರಕ್ಕ ನಳ ತಿರುಗಿಸಿದಳು. "ಬೆರಳ ತುದಿ ಅಷ್ಟ ಹಿಡಿದು ನೋಡ್ರಿ."

ನೀಲವ್ವ ಹೌಹಾರಿ ಕೈ ಹಿಂದೆಳೆದಳು. "ಅಯ್ಯ ಶಿವನ! ಮೊದಲ ತಣ್ಣೀರು ಬೆರಸ್ರಿ!"

"ಬಿಸಿಲಿನ ನೀರಿಗೆ ತಣ್ಣೀರು ಯಾಕ್ರಿ ಬೀಗತೇರ?"

"ಸಾಕು ಬಿಡ್ರಿ ಚ್ಯಾಷ್ಟಿ. ನಮ್ಮ ಮನ್ಯಾಗೂ ಇಂಥಾದ್ದ ಕೂಡಸಬೇಕಂದ್ರ ಎಷ್ಟ ಖರ್ಚು ಬರತೈತ್ರಿ...?"

ಗೌರಕ್ಕ ಸೆರಗು ಸಿಕ್ಕಿಸಿ, ಮಗಳ ಕೈಹಿಡಿದು, ತಲೆಯೆತ್ತಿ ಬಚ್ಚಲಿಗೆ ನಡೆದೇಬಿಟ್ಟಳು.