ಬಾಂಬಿನ ಮೇಲಿನ ಶ್ರೀ

ನನ್ನ ಹುಚ್ಚು ಶುರುವಾದದ್ದು ಯಲ್ಲಾಪುರದ ಒಂದು ಸ್ಟೇಶನರಿ ಅಂಗಡಿಯಲ್ಲಿ. ಶಿರಸಿ ಬಸ್ಸು ತಪ್ಪಿತ್ತು. ಕಾಯುತ್ತಾ ಒಳಗೆ ಹೋದವನಿಗೆ ಗ್ಲೋಬುಗಳ ಹಿಂದೆ ಧೂಳು ತಿನ್ನುತ್ತಿದ್ದ ಡಬ್ಬಿಯೊಂದು ಕಂಡಿತು. ಜೋಡಿಸಿ ಅಂಟಿಸಬೇಕಾದ ಪ್ಲಾಸ್ಟಿಕ್ ಯುದ್ಧವಿಮಾನ. ನಲವತ್ತು ದಾಟಿದ ಗಂಡಸು ಆಟಿಕೆ ಕೊಂಡು ಬಂದನೆಂದು ಮನೆಯಲ್ಲಿ ನಕ್ಕರು. ಒಂದು ಹತ್ತಾಯಿತು, ಹತ್ತು ಮೂವತ್ತಾಯಿತು. ಬಣ್ಣ ಸರಿಯಾಗಬೇಕೆಂದು ಪುಸ್ತಕ ತರಿಸಿದೆ. ಪುಸ್ತಕ ಓದುತ್ತಾ ಯುದ್ಧಗಳ ಒಳಗೇ ಇಳಿದೆ. ಯಾವ ವಿಮಾನ ಎಲ್ಲಿಂದ ಎದ್ದಿತು, ಎಷ್ಟು ಭಾರ ಹೊತ್ತಿತು, ಕೇಳಿದರೆ ಸಾಕು, ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಕೇಳದಿದ್ದರೂ ನಿಲ್ಲುತ್ತಿರಲಿಲ್ಲ.

ಸಿದ್ದಾಪುರದ ಕಡೆ ನನ್ನ ಸೋದರಮಾವನ ಮನೆ. ಹರೆಯದಲ್ಲಿ ವಾಯುಪಡೆ ಸೇರಿ, ಎಪ್ಪತ್ತೊಂದರ ಯುದ್ಧ ಕಂಡು ಬಂದವನು. ಅಲ್ಲಿ ಅವನು ಅಡುಗೆ ಮಾಡುತ್ತಿದ್ದ ಎಂದೇ ನಾವೆಲ್ಲ ನಂಬಿದ್ದೆವು. ಹಾಗೆಂದು ಯಾರೂ ಹೇಳಿರಲಿಲ್ಲ. ಮದುವೆಯಿರಲಿ, ಮುಂಜಿಯಿರಲಿ, ಐನೂರು ಜನರ ಹುಳಿಗೆ ಉಪ್ಪು ಹಾಕುವವನು ಮಾವನೇ. ಜನಿವಾರದ ನಮ್ಮವನೊಬ್ಬ ದಂಡಿಗೆ ಹೋದರೆ ಇನ್ನೇನು ಮಾಡಿಯಾನು ಎಂಬುದು ನಮ್ಮ ಲೆಕ್ಕ. ಅವನೂ ಅದನ್ನು ತಿದ್ದಲಿಲ್ಲ.

ಮೂರು ವರ್ಷದ ಹಿಂದೆ ಒಂದು ಕ್ಯಾನ್‌ಬೆರಾ ಬಾಂಬರನ್ನು ಮುಗಿಸಿ ಅವನಿಗೆ ತೋರಿಸಲು ಒಯ್ದೆ. ಹೊಟ್ಟೆಯ ಬಾಗಿಲು ತೆರೆದಿಟ್ಟು, ಒಳಗೆ ಕಡ್ಡಿಯಷ್ಟು ದಪ್ಪದ ಬಾಂಬುಗಳನ್ನು ಸಾಲಾಗಿ ಅಂಟಿಸಿದ್ದೆ. ಮಾವ ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿದ.

"ಬಾಂಬಿನ ಬಾಲ ಮುಂದೆ ಮಾಡಿ ಕೂರ್ಸಿದ್ದೆ ನೋಡು," ಎಂದ. "ಹಿಂಗೆ ಹಾಕಿದ್ರೆ ನೆಟ್ಟಗೆ ಬೀಳ್ತಿಲ್ಲೆ."

"ಅಡುಗೆಯವನಿಗೆ ಇದೆಲ್ಲ ಹೇಗೆ ಗೊತ್ತು ಮಾವಾ?"

"ಆನು ಅಡುಗೆ ಮಾಡ್ತಿದ್ದೆ ಹೇಳಿ ನಿಂಗೆ ಯಾರು ಹೇಳಿದ್ದು?"

ಅವನು ವಿಮಾನಕ್ಕೆ ಬಾಂಬು ಏರಿಸುವವನಾಗಿದ್ದ. ಜೊತೆಯ ಹುಡುಗರು ಬಾಂಬಿನ ಮೇಲೆ ಸೀಮೆಸುಣ್ಣದಲ್ಲಿ ಬೈಗುಳ ಬರೆಯುತ್ತಿದ್ದರಂತೆ. "ಯಂಗೆ ಎಂತ ಬರೆಯವು ಹೇಳಿ ತಿಳೀತಿತ್ತಿಲ್ಲೆ. ಶ್ರೀ ಬರೀತಿದ್ದೆ." ಕಾಗದ ಬರೆಯುವಾಗ ಮೇಲೆ ಶ್ರೀ ಹಾಕುವಂತೆ, ಒಂದೊಂದಕ್ಕೂ. "ಎಲ್ಲ ವೈರಿ ರನ್‌ವೇ ಮೇಲೇ ಬೀಳ್ತಿತ್ತು. ಬರೀ ಕಾಂಕ್ರೀಟು," ಎಂದು ನಕ್ಕ. ಐವತ್ತು ವರ್ಷ ಅವನು ಅಷ್ಟನ್ನೇ ನಂಬಿಕೊಂಡಿದ್ದ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಆ ಕಾಲದ ಬಾಂಬಿಗೆ ಕಣ್ಣಿರಲಿಲ್ಲ ಮಾವಾ, ಎಂದು ಶುರು ಮಾಡಿದೆ. ಗಾಳಿ, ಎತ್ತರ, ವೇಗ ಎಲ್ಲವನ್ನೂ ವಿವರಿಸಿದೆ. ಯಾವ ದೇಶದ ಯಾವ ಯುದ್ಧದಲ್ಲೂ ಎಲ್ಲವೂ ಗುರಿಗೆ ಬಿದ್ದದ್ದಿಲ್ಲ, ಕೆಲವು ಆಚೆ ಬೀಳಲೇಬೇಕು ಎಂದೆ. ಅವನ ಬಾಂಬುಗಳ ವಿಷಯ ನನಗೆ ಏನೇನೂ ಗೊತ್ತಿರಲಿಲ್ಲ. ಓದಿದ್ದನ್ನು ಕಕ್ಕುವ ಚಪಲ ಅಷ್ಟೇ.

"ಆಚೆ ಬದಿಗೆ ಎಂತ ಇರ್ತು?" ಎಂದು ಕೇಳಿದ.

"ಊರು," ಎಂದೆ.

ಮಾವ ವಿಮಾನವನ್ನು ಜಗುಲಿಯ ಮೇಲೆ ಇಟ್ಟು ಕೈ ಒರೆಸಿಕೊಂಡ.

ಮರುವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಅವಳು ಹುಟ್ಟಿದ ದಿನವೇ ಮಾವ, ಇವಳ ಮದುವೆ ಅಡುಗೆ ತನ್ನದು ಎಂದು ಮಾತು ಕೊಟ್ಟಿದ್ದ. ಕರೆಯಲು ಹೋದೆ. ಅವನು ಅಂಗಳದಲ್ಲೇ ತಡೆದ.

"ಮುಟ್ಟಡ. ಯಂಗೆ ಸೂತಕ."

ಹತ್ತಿರದವರು ಯಾರಾದರೂ ಸತ್ತರೆ ಹತ್ತು ದಿನ ಸೂತಕ. ಅದಿರುವಾಗ ಶುಭಕಾರ್ಯದ ಒಲೆ ಮುಟ್ಟುವಂತಿಲ್ಲ. ಯಾರು ಹೋದರು ಎಂದೆ.

"ಗೊತ್ತಿಲ್ಲೆ. ಆಚೆ ಬದಿಯವು."

ಅತ್ತೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಆರು ತಿಂಗಳಿಂದ ಮಾವ ದೇವರ ಕೋಣೆಗೆ ಹೋಗಿಲ್ಲವೆಂದೂ, ಯಾರ ಮನೆ ಅಡುಗೆಗೂ ಹೋಗಿಲ್ಲವೆಂದೂ ಆಗ ತಿಳಿಯಿತು. ನಾನು ಹೇಳಿದ್ದೆಲ್ಲ ಅಂದಾಜು, ಸುಳ್ಳೇ ಇರಬಹುದು ಎಂದು ಕೈಮುಗಿದೆ.

"ಅದು ಸುಳ್ಳೇ ಹೇಳಿ ನಿಂಗೆ ಗೊತ್ತಿದ್ದ?" ಎಂದ.

ಗೊತ್ತಿರಲಿಲ್ಲ. ಸ್ವರ್ಣವಲ್ಲಿ ಮಠದ ಕಡೆಯ ಪುರೋಹಿತರೊಬ್ಬರ ಹತ್ತಿರ ಹೋಗಿ, ಇದಕ್ಕೆ ಶುದ್ಧ ಮಾಡಿಸಬಹುದೇ ಎಂದು ಕೇಳಿದೆ. ಅವರು ಮೆತ್ತಗೆ, ಹೆಸರು ಹಿಡಿದು ಎಳ್ಳುನೀರು ಬಿಟ್ಟು ಮಿಂದರೆ ಸೂತಕ ಕಳೆಯುತ್ತದೆ, ಸತ್ತವರ ಹೆಸರೇನು ಎಂದರು. ನಾನು ಎದ್ದು ಬಂದೆ.

ಮದುವೆ ಆಯಿತು. ಅಡುಗೆಗೆ ಬೇರೆಯವರು ಬಂದಿದ್ದರು. ಜನ ಹುಳಿಯನ್ನು ಹೊಗಳಿದರು. ನಾನು ಬಡಿಸಿಕೊಳ್ಳಲಿಲ್ಲ. ಒಬ್ಬ ಮುದುಕನ ನೆಮ್ಮದಿಯನ್ನು ಜಾಣತನ ತೋರಿಸಲು ಹೋಗಿ ಕಿತ್ತುಕೊಂಡವನು ನಾನು. ಇದನ್ನು ಸರಿಮಾಡುವ ದಾರಿ ನನಗೆ ಕಾಣುತ್ತಿಲ್ಲ.

ಕಳೆದ ವಾರ ಹೋದಾಗ ಮಾವ ತುಂಬ ಇಳಿದುಹೋಗಿದ್ದ. ದೂರವೇ ಕೂತು, ಬೇಡುವ ದನಿಯಲ್ಲಿ ಕೇಳಿದ. "ತಮಾ, ನೀ ಅಷ್ಟೆಲ್ಲ ಓದ್ತೆ. ಒಂದು ಹೆಸರು ಸಿಕ್ಕಿದ್ರೆ ಹೇಳು. ಮಿಂದು ಬಿಡ್ತೆ."

ಮನೆಗೆ ಬಂದು ಮತ್ತೆ ಎಲ್ಲ ಪುಸ್ತಕಗಳನ್ನು ಕೆಳಗಿಳಿಸಿದೆ. ವಿಮಾನಗಳ ಹೆಸರು ಇವೆ, ಹಾರಿಸಿದವರ ಹೆಸರು ಇವೆ, ರೆಕ್ಕೆಯ ಉದ್ದ ಅಂಗುಲದ ಲೆಕ್ಕದಲ್ಲಿ ಇದೆ. ಕೆಳಗಿದ್ದವರದು ಒಂದು ಹೆಸರೂ ಇಲ್ಲ.