ದೂರ ನಿಂತ ಬೆರಳು

ಲ್ಯಾಟಿನ್ ಬಲ್ಲೆನೆಂಬ ಜಂಬ ನನಗೆ ಹಳೆಯದು. ಪಲ್ಲಡಂನ ತಮಿಳು ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನಿಗೆ ಬರುವ ಲ್ಯಾಟಿನ್ ಎಂದರೆ ಮೂಳೆಗಳ ಹೆಸರು ಅಷ್ಟೇ. ಆದರೂ ಮನೆಯಲ್ಲಿ ಯಾರಿಗೆ ಏನಾದರೂ ಆಸ್ಪತ್ರೆಯ ಚೀಟಿ ಮೊದಲು ನನ್ನ ಕೈಗೇ ಬರುತ್ತದೆ.

ಅಕ್ಕನ ಚೀಟಿಯೂ ಹಾಗೇ ಬಂತು. ವಿದ್ಯುತ್ ಮಗ್ಗದ ಹಲ್ಲುಚಕ್ರ ಅವಳ ಬಲಗೈ ತೋರುಬೆರಳಿನ ತುದಿಯನ್ನು ಕಚ್ಚಿಕೊಂಡು ಹೋಗಿತ್ತು. ಹೋದ ಮೂಳೆಯನ್ನು ವೈದ್ಯರು ‘ಡಿಸ್ಟಲ್’ ಎಂದು ಬರೆದಿದ್ದರು. ದೇಹದ ನಡುವಿನಿಂದ ದೂರದ್ದು ಎಂದರ್ಥ. ಬೇರು ಲ್ಯಾಟಿನ್ನಿನ ‘ದಿಸ್ತಾರೆ’, ದೂರ ನಿಲ್ಲುವುದು. ಇದಕ್ಕೆ ಎದುರಾದದ್ದು ‘ಪ್ರಾಕ್ಸಿಮಲ್’. ಅದರ ಬೇರು ‘ಪ್ರಾಕ್ಸಿಮುಸ್’, ತೀರ ಹತ್ತಿರದವನು. ಭುಜಕ್ಕಿಂತ ಮೊಣಕೈ ದೂರ, ಮಣಿಕಟ್ಟು ಇನ್ನೂ ದೂರ, ಬೆರಳ ತುದಿ ಎಲ್ಲಕ್ಕಿಂತ ದೂರ. ಅನ್ನ ಬಿಸಿಯೋ ತಣ್ಣಗೋ ಎಂದು ಮೊದಲು ತಿಳಿಯುವುದು ಆ ತುದಿಗೇ, ಅಳತೆ ಮಾತ್ರ ಹೊಟ್ಟೆಯ ಕಡೆಯಿಂದ. ದೇಹದಲ್ಲೂ ಯಜಮಾನಿಕೆ ಹೊಟ್ಟೆಯದೇ ಎಂದು ತರಗತಿಯಲ್ಲಿ ನಗಿಸುತ್ತಿದ್ದೆ. ಈಗ ನಗು ಬರುವುದಿಲ್ಲ.

ತಮಿಳು ನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡ ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುತ್ತು, ಬಂದಾಗ ಮುಗಿದ ಹಾಸಿನ ಎಳೆಗಳಿಗೆ ಅದರ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಬೆರಳಿಗೆ ವಿಭೂತಿ ಹಚ್ಚಿ, ದೇವಿಯನ್ನು ನೆನೆದು, ಮೊದಲ ಎಳೆ ಹೊಸೆಯುವುದು ಮನೆಯ ಹಿರಿಯಳು. ಅವ್ವ ಹೋದ ಮೇಲೆ ಅದು ಅಕ್ಕನ ಪಾಲಿಗೆ ಬಂತು. ಮದುವೆಯಾಗದೆ ತವರಲ್ಲೇ ಉಳಿದವಳಿಗೆ ಆ ಮನೆಯಲ್ಲಿ ತನ್ನದು ಎಂದು ಇದ್ದದ್ದು ಆ ಒಂದು ಎಳೆ.

ಗಾಯ ಮಾಗಿದ ಮೇಲೆ ಹೊಸ ಹಾಸು ಬಂದ ದಿನ, ಅವಳು ಮಿಂದು ವಿಭೂತಿ ತಟ್ಟೆ ಹಿಡಿದು ಬಂದಳು. ಮಗ್ಗಗಳ ಒಡೆಯನಾದ ಅಣ್ಣ, ಅವಳೇ ಎತ್ತಿ ಆಡಿಸಿದವನು, ಅಡ್ಡ ನಿಂತ.

“ಅಕ್ಕಾ, ತಪ್ಪಾ ನೆನ್ಸ್ಕೋಬೇಡ. ಊನ ಇರೋ ಕೈ ಮೊದಲ್ ಎಳೆ ಮುಟ್ಟಿದ್ರೆ ಮಗ್ಗಕ್ಕೆ ಆಗ್ಬರಲ್ಲ. ಈ ಸಲ ನನ್ನ ಹೆಂಡ್ತಿ ಹೊಸೀಲಿ. ನೀ ಕೊಂಜ ಹೊತ್ತು ಆ ಬಾಗ್ಲತ್ರ ನಿಂತ್ಕೋ.”

“ಆ ಊನ ಕೊಟ್ಟಿದ್ದು ನಿನ್ನ ಮಗ್ಗಾನೇ ಅಲ್ವಾ?” ಎಂದೆ. ಅವನು ಮಗ್ಗದ ಸ್ವಿಚ್ಚಿನ ಕಡೆ ತಿರುಗಿದ. ಅತ್ತಿಗೆ ತಟ್ಟೆ ತೆಗೆದುಕೊಂಡರು.

ಅಕ್ಕ ಬಾಗಿಲಲ್ಲಿ ನಿಂತಳು. ಸಮಾಧಾನ ಮಾಡಲು ಪಕ್ಕಕ್ಕೆ ಹೋದೆ. ಮೇಷ್ಟರ ಹಾಳು ಚಾಳಿ, ಚೀಟಿಯ ಆ ‘ಡಿಸ್ಟಲ್’ ಪದದ ಅರ್ಥ ಹೇಳಿದೆ. ಹೋದ ತುದಿಯ ಹೆಸರೇ ದೂರ ನಿಂತದ್ದು ಅಂತ ಅಕ್ಕಾ, ಎಂದೆ.

ಅತ್ತಿಗೆಯ ಬೆರಳುಗಳಿಂದ ಅವಳು ಕಣ್ಣು ತೆಗೆಯಲಿಲ್ಲ.

“ಅದೆಲ್ಲಿ ದೂರ ನಿಂತಿತ್ತು ತಂಬಿ? ದಿನಾ ಎಳೆ ಮೇಲೇ ಇತ್ತು. ದೂರ ಇದ್ದೋರು ನೀವಿಬ್ರು ತಮ್ಮಂದ್ರು.”

ಇದಕ್ಕೆ ಲ್ಯಾಟಿನ್ನಿನಲ್ಲಿ ಉತ್ತರವಿದೆಯೋ ಏನೋ. ನನಗೆ ಬರುವುದು ಮೂಳೆಗಳ ಹೆಸರು ಮಾತ್ರ.