ಕಾದ ಕಲ್ಲಿನ ಮೇಲೆ ದೊಡ್ಡಮ್ಮ

ಕಥೆ ಹೇಳುವುದನ್ನು ನಾನು ಕಲಿತದ್ದು ದೊಡ್ಡಮ್ಮನಿಂದ. ಅಮ್ಮನ ಅಕ್ಕ, ಧಾರವಾಡದವರು. ನಾನು ಹುಟ್ಟಿ ಬೆಳೆದದ್ದು ಅಮೆರಿಕದ ಟೆಕ್ಸಾಸಿನ ಪ್ಲೇನೋದಲ್ಲಿ. ಆಗ ಅವರು ನಮ್ಮ ಮನೆಯಲ್ಲೇ ಇದ್ದರು. ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ ಊಟ ಕೇಳಿದರೆ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕನ್ನಡದಲ್ಲಿ ಕೇಳಿದರೆ ತಟ್ಟೆಯ ಜೊತೆ ಒಂದು ಕಥೆಯೂ ಬರುತ್ತಿತ್ತು. ಯಾರ ಮದುವೆಯಲ್ಲಿ ಯಾವ ಬೀಗರು ಹೋಳಿಗೆ ಹೂರಣದ ಮೇಲೆ ಕೂತರು, ಯಾವ ಮಾಸ್ತರರು ಅವಸರದಲ್ಲಿ ಧೋತರ ಬಿಟ್ಟು ಹೆಂಡತಿಯ ಸೀರೆ ಸುತ್ತಿಕೊಂಡು ಹೊರಟರು, ಇಂಥವೇ. ಮಂದಿ ನಗುವ ಜಾಗ ಬಂದಾಗ ಒಂದು ಗುಟುಕು ನೀರು ಕುಡಿಯಬೇಕು, ನಗು ಮುಗಿದ ಮೇಲೆ ಮುಂದಿನ ಮಾತು ಆಡಬೇಕು ಎಂದು ಹೇಳಿಕೊಟ್ಟವರೂ ಅವರೇ. ಆ ಗುಟುಕು ನೀರಿನಿಂದಲೇ ನಮ್ಮ ಮಂದಿಯ ನಡುವೆ ನನಗೊಂದು ಹೆಸರು ಬಂತು. ಮನೆಗೊಂದು ತಿಂಡಿ ತಂದು ಸೇರುವ ಪಾಟ್‌ಲಕ್ ಊಟ ಎಂದರೆ ನನ್ನನ್ನು ಕರೆಯುತ್ತಾರೆ. ತಿಂಡಿ ತರಬೇಡ, ಕಥೆ ತಾ ಅನ್ನುತ್ತಾರೆ.

ಆ ಬೇಸಿಗೆಯಲ್ಲಿ ಪ್ಲೇನೋ, ಫ್ಲವರ್ ಮೌಂಡ್ ಕಡೆಯ ಐದು ಮನೆಯವರು ಸೇರಿ ಟರ್ಕಿಗೆ ಹೋದೆವು. ಫ್ಲವರ್ ಮೌಂಡಿನಲ್ಲಿರುವ ದೊಡ್ಡಮ್ಮನ ಮಗ, ಸೊಸೆ ಇಬ್ಬರಿಗೂ ರಜೆ ಸಿಗಲಿಲ್ಲ, ದೊಡ್ಡಮ್ಮ ಒಬ್ಬರೇ ನಮ್ಮ ಜೊತೆ ಹೊರಟರು. ಅಣ್ಣ ಏರ್‌ಪೋರ್ಟಿನಲ್ಲಿ ಅವರ ಮಾತ್ರೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಶುಗರ್ ಐತಿ, ಟೈಮಿಗೆ ಸರಿಯಾಗಿ ಕೊಡು. ಮತ್ತ ಈ ಶೂ ಬಿಚ್ಚಗೊಡಬ್ಯಾಡ" ಅಂದ. ಮೆತ್ತನೆಯ ಅಟ್ಟೆಯ ಬೂದು ಬಣ್ಣದ ಶೂ. ಸೀರೆಯ ಕೆಳಗೆ ಅದು ಕಾಣುವ ಚಂದಕ್ಕೆ ನಾನು ವಿಮಾನದಲ್ಲೇ ಎರಡು ಜೋಕು ಮಾಡಿದೆ.

ಮೂರನೆಯ ದಿನ ಸಮುದ್ರದ ದಂಡೆಯ ಮೇಲಿನ ಒಂದು ಪಾಳು ಚರ್ಚಿಗೆ ಕರೆದೊಯ್ದರು. ಬೈಜಾಂಟೈನ್ ಕಾಲದ್ದು, ಸಾವಿರ ವರ್ಷ ಆಗಿದೆ ಎಂದ ಗೈಡ್. ಚಾವಣಿ ಇಲ್ಲ. ಕಂಬಗಳು ಮೊಣಕಾಲೆತ್ತರಕ್ಕೆ ಮುರಿದು ನಿಂತಿವೆ. ಪೂರ್ವಕ್ಕೆ ಅರ್ಧಚಂದ್ರದಂತೆ ಬಾಗಿದ ಒಂದು ಗೋಡೆ, ಅದರ ಕಿಟಕಿಯ ತುಂಬ ಸಮುದ್ರ. ಗೋಡೆಯ ಗಾರೆಯಲ್ಲಿ ಯಾವನೋ ಸಂತನ ಚಿತ್ರವಿತ್ತಂತೆ. ಮುಖ, ಮೈ ಎಲ್ಲ ಉದುರಿ ಎತ್ತಿದ ಬಲಗೈಯೊಂದು ಮಾತ್ರ ಉಳಿದಿತ್ತು.

ದೊಡ್ಡಮ್ಮ ಹೊಸ್ತಿಲಿದ್ದ ಜಾಗದಲ್ಲಿ ನಿಂತು ಶೂ ಬಿಚ್ಚಿದರು.

"ಆಂಟಿ, ಬೇಡ. ಚಾವಣಿನೇ ಇಲ್ಲ ಇದಕ್ಕೆ. ದೇವರು ಮನೆ ಖಾಲಿ ಮಾಡ್ಕೊಂಡು ಹೋಗಿ ಎಷ್ಟೋ ಕಾಲ ಆಯ್ತು" ಎಂದರು ನಮ್ಮ ಜೊತೆಗಿದ್ದ ಮೈಸೂರಿನ ಅಂಕಲ್.

"ಹೋಗಿರವಲ್ಲನ್ಯಾಕ. ಮನಿ ಅಂವಂದ ಅಲ್ಲೇನು? ಅಕಾ ನೋಡ್ರಿ, ಕೈ ಎತ್ತಿ ಅಭಯ ಕೊಡ್ಲಿಕತ್ತಾನ. ಅಂವನ ಮುಂದ ಬೂಟು ಹಾಕ್ಕೊಂಡು ನಿಂದ್ರಲೇನು?"

ಅವರು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲುಹಾಸಿನ ಮೇಲೆ ನಡೆದು, ಆ ಕೈಯ ಎದುರು ನಿಂತು, ದಿನವೂ ಹೇಳುವ ಸ್ತೋತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನಾನು ವಿಡಿಯೋ ಮಾಡಿದೆ. ಕೆಳಗಿನಿಂದ ಚೆನ್ನಾಗಿ ಬರುತ್ತದೆಂದು ಕಲ್ಲಿನ ಮೇಲೆ ಅಂಗೈ ಊರಿ ಕೂರಲು ಹೋದೆ. ಒಲೆಯ ಮೇಲಿನ ತಪ್ಪಲೆ ಮುಟ್ಟಿದ ಹಾಗಾಗಿ ಕೈ ಹಿಂದಕ್ಕೆ ಎಳೆದುಕೊಂಡೆ. ಅದೂ ವಿಡಿಯೋದಲ್ಲಿದೆ, ನನ್ನ "ಹಾ" ಎಂಬ ಸದ್ದಿನ ಸಮೇತ. ಶೂ ಬಿಚ್ಚಗೊಡಬೇಡ ಎಂದಿದ್ದ ಅಣ್ಣನ ಮಾತು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ವಿಡಿಯೋ ಬಹಳ ಚೆನ್ನಾಗಿ ಬರುತ್ತಿತ್ತು.

ವಾಪಸು ಬಂದ ವಾರದಲ್ಲೇ ಪ್ಲೇನೋದ ನಮ್ಮ ಮನೆಯ ದೊಡ್ಡ ಟಿವಿಯಲ್ಲಿ ಅದನ್ನು ಹಾಕಿದೆ. "ನಾನು ಕೈ ಇಟ್ಟರೆ ಚರ್ಮ ಸುಲಿಯುವ ಕಲ್ಲು. ಎಲ್ಲರೂ ಶೂ ಹಾಕ್ಕೊಂಡೇ ದೋಸೆ ಹಂಚಿನ ಮೇಲಿನ ನೀರಿನ ಹಾಗೆ ಕುಣೀತಿದ್ದಾರೆ. ನಮ್ಮ ದೊಡ್ಡಮ್ಮ ನೋಡಿ, ಬರಿಗಾಲು. ಒಂಟಿಕಾಲು ಒಂದು ಬಾಕಿ." ನೀರು ಕುಡಿದೆ. ನಗು ನಿಲ್ಲಲೇ ಇಲ್ಲ. "ತಪಸ್ವಿ ಆಂಟಿ" ಎಂದು ಯಾರೋ ಕರೆದರು, ಹೆಸರು ಅಲ್ಲೇ ಅಂಟಿಕೊಂಡಿತು. ಸೋಫಾದ ತುದಿಯಲ್ಲಿ ಕೂತಿದ್ದ ದೊಡ್ಡಮ್ಮನೂ ನಕ್ಕರು. ನಗುತ್ತಲೇ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಕಾಲಿಗೆ ದಪ್ಪನೆಯ ಸಾಕ್ಸ್ ಇತ್ತು. ಟೆಕ್ಸಾಸಿನ ಆ ಸೆಖೆಯಲ್ಲಿ ಉಣ್ಣೆಯ ಸಾಕ್ಸ್. ಅದಕ್ಕೂ ಒಂದು ಮಾತು ಸೇರಿಸಿದೆ: "ಹಿಮಾಲಯಕ್ಕೆ ಹೊರಟಿದ್ದಾರೆ."

ಮುಂದಿನ ವಾರ ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನಲ್ಲಿ ಗೆಳೆಯನೊಬ್ಬನ ಗೃಹಪ್ರವೇಶ. ಆಸ್ಟಿನ್‌ನಿಂದ ಬಂದವರ ಮುಂದೆ ಮತ್ತೆ ಹೇಳಿದೆ, ಇನ್ನೂ ಪಳಗಿತ್ತು. ಅದಾದ ಮೇಲೆ ಹ್ಯೂಸ್ಟನ್, ಒಂದು ನಾಮಕರಣ. ಊಟ ಮುಗಿದು ಜನ ಟಿವಿಯ ಮುಂದೆ ಸೇರಿದ್ದರು. ನಾನು ಅರ್ಧಕ್ಕೆ ಬಂದಾಗ, ಹಿಂದೆ ಕೂತಿದ್ದ ಒಬ್ಬ ಡಾಕ್ಟರ್ ಆಂಟಿ ಕೈ ಎತ್ತಿದರು. ಸಕ್ಕರೆ ಕಾಯಿಲೆಯವರ ಕಾಲು ನೋಡುವುದೇ ಅವರ ಕೆಲಸ.

"ಸ್ವಲ್ಪ ಹಿಂದಕ್ಕೆ ತಗೋಪ್ಪ."

ಹಿಂದಕ್ಕೆ ತೆಗೆದುಕೊಂಡೆ.

"ಒಂದು ಸಲಾನೂ ಕಾಲು ಬದಲಾಯಿಸಲಿಲ್ಲ ಅವರು. ಶುಗರ್ ಇದೆಯಾ?"

"ಇದೆ ಆಂಟಿ. ಹದಿನೈದು ವರ್ಷದಿಂದ."

"ಅವರಿಗೆ ಬಿಸಿ ಗೊತ್ತಾಗ್ತಿಲ್ಲ ಕಣೋ. ಪಾದ ಸತ್ತಿದೆ. ಬಂದ ಮೇಲೆ ಯಾರಾದ್ರೂ ಕಾಲು ನೋಡಿದ್ರಾ?"

"ಅಯ್ಯೋ ಬಿಡಿ ಡಾಕ್ಟ್ರೇ, ಭಾನುವಾರನೂ ಕ್ಲಿನಿಕ್ಕಾ? ಕ್ಲೈಮ್ಯಾಕ್ಸ್ ಹಾಳು ಮಾಡ್ಬೇಡಿ" ಎಂದರು ಮನೆಯ ಯಜಮಾನರು.

ನಾನು ಕಥೆ ಮುಗಿಸಿದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ. ಡಾಕ್ಟರ್ ಹೇಳಿದ್ದು ನನಗೆ ಅರ್ಥವಾಗಿತ್ತು. ಆದರೂ ನೀರಿನ ಲೋಟ ಕೈಯಲ್ಲಿತ್ತು, ಜನ ಕಾಯುತ್ತಿದ್ದರು. ಕೊನೆಯ ನಗು ಪಡೆದುಕೊಂಡು ಆಮೇಲೆ ಹೊರಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ.

"ಅವ್ವ ಆರಾಮ ಅದಾಳ. ಟಿವಿ ನೋಡ್ಲಿಕತ್ತಾಳ" ಅಂದ.

"ಸಾಕ್ಸ್ ಬಿಚ್ಚಿ ನೋಡು."

"ಏಸಿ ಥಂಡಿ ಆಗ್ತದಂತ, ಬಿಚ್ಚಾಕ ಒಲ್ಲೆ ಅಂತಾಳ."

"ಬಿಚ್ಚು ಅಣ್ಣಾ."

ಫೋನು ಹಾಗೇ ಇತ್ತು. ದೊಡ್ಡಮ್ಮ ಬೇಡ ಬೇಡ ಎಂದದ್ದು ಕೇಳಿಸಿತು. ಬಲಗಾಲಿನ ಸಾಕ್ಸ್ ಚರ್ಮಕ್ಕೆ ಅಂಟಿಕೊಂಡಿದೆ ಎಂದ ಅಣ್ಣ. ಅತ್ತಿಗೆ ಕತ್ತರಿ ತಂದರು. ಆಮೇಲೆ ಅಣ್ಣ ಆಸ್ಪತ್ರೆಯ ಹೆಸರು ಹೇಳಿ ಫೋನ್ ಇಟ್ಟ.

ಹ್ಯೂಸ್ಟನ್‌ನಿಂದ ನಾಲ್ಕು ತಾಸು ಡ್ರೈವ್ ಮಾಡಿ ಆಸ್ಪತ್ರೆಗೆ ಹೋದೆ. ಇಪ್ಪತ್ತು ದಿನ ಆ ಸುಟ್ಟ ಗಾಯಕ್ಕೆ ದೊಡ್ಡಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡು ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿದ್ದರು. ಬೆರಳುಗಳು ಕಪ್ಪಗಾಗಿದ್ದವು. ಮೊದಲು ಬಲಗಾಲಿನ ಐದು ಬೆರಳು ತೆಗೆದರು. ನಂಜು ನಿಲ್ಲಲಿಲ್ಲ. ವಾರ ಬಿಟ್ಟು ಅರ್ಧ ಪಾದ ತೆಗೆದರು.

ಎರಡನೆಯ ಆಪರೇಷನ್ ಆದ ಮೂರನೆಯ ದಿನ, ಬೆಳಿಗ್ಗೆ, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಯಾಕೆ ಹೇಳಲಿಲ್ಲ ದೊಡ್ಡಮ್ಮ?"

"ಹೇಳಿದ್ದರ ಅದನ್ನೂ ಕಥಿಗೆ ಸೇರಿಸ್ತಿದ್ದಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇವತ್ತು ಬಿಸಿಲು ಬಹಳ ಅನ್ನುವ ಹಾಗೆ ಹೇಳಿದರು.

ನಾನು ಫೋನು ತೆಗೆದು ಆ ವಿಡಿಯೋ ಅಳಿಸಲು ಹೋದೆ. ಕೈ ಹಿಡಿದರು.

"ಅಳಿಸಬ್ಯಾಡ. ಅದರಾಗ ನನ್ನ ಕಾಲ ಅದಾವ. ಹಚ್ಚು, ನೋಡೂನು."

ಹಚ್ಚಿದೆ. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿ, ಮುಖವನ್ನಲ್ಲ, ಸಮುದ್ರವನ್ನೂ ಅಲ್ಲ, ಕಲ್ಲಿನ ಮೇಲಿದ್ದ ಎರಡು ಪಾದಗಳನ್ನು ನೋಡಿದರು. ಮುಗಿಯಿತು. ಮತ್ತೆ ಹಚ್ಚಲು ಹೇಳಿದರು.

"ಸುಮ್ಮನ ಯಾಕ ಕುಂತಿ? ಕಥಿ ಹೇಳು. ಮಂದಿ ಮುಂದ ಹ್ಯಾಂಗ ಹೇಳ್ತಿ, ಹಂಗ."

"ಬೇಡ ದೊಡ್ಡಮ್ಮ."

"ಹೇಳು."

ಹೇಳಿದೆ. ನನ್ನ ಕೈ, ತಪ್ಪಲೆ, ದೋಸೆ ಹಂಚು. ಒಂಟಿಕಾಲಿನ ಮಾತು ಬಂದಾಗ ನಿಲ್ಲಿಸಿದೆ.

"ಇಲ್ಲಿ ನಗತಾರೇನು?" ಎಂದು ಕೇಳಿದರು.

"ಹೌದು."

ಮಾತ್ರೆ ನುಂಗಲು ಮೇಜಿನ ಮೇಲಿಟ್ಟಿದ್ದ ತಮ್ಮ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

"ನೀರು ಕುಡಿ. ಮುಂದ ಹೇಳು."